ಕರ್ಣಪ್ಪ ಮೆಚ್ಚಿದ ಸದ್ದು

"ವೈನಿ, ಗಿರಣಿ ಬಿಟ್ಟು ಒಂದ್ ನಿಮಿಷ ಬರ್ರಿ! ಜಗತ್ತಿನ್ಯಾಗ ಎಲ್ಲೂ ಇಲ್ಲದ್ದು ಒಂದು ಮಾಡೀನಿ!" ಎಂದು ಮುರಿಗೆಪ್ಪ ಗೋಡೆಯ ಆಚೆಯಿಂದ ಕೂಗಿದ.

ಮುರಿಗೆಪ್ಪ ನನ್ನ ಮೈದುನ. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಈ ಕಡೆ ನನ್ನ ಹಿಟ್ಟಿನ ಗಿರಣಿ, ಆ ಕಡೆ ಅವನ ಪ್ರಯೋಗಶಾಲೆ. ಜಗತ್ತಿನಲ್ಲಿ ಎಲ್ಲೂ ಇಲ್ಲದ್ದನ್ನು ಅವನು ತಿಂಗಳಿಗೊಂದರಂತೆ ಮಾಡುತ್ತಾನೆ. ಹಿಂದಿನ ಸಲ ಮಾಡಿದ್ದು ತಾನೇ ರೊಟ್ಟಿ ತಿರುವಿ ಹಾಕುವ ಹಂಚು. ಅದು ತಿರುವಿ ಹಾಕಿದ ರೊಟ್ಟಿ ಇನ್ನೂ ನಮ್ಮ ಜಂತಿಗೆ ಅಂಟಿಕೊಂಡಿದೆ.

ನನಗೆ ಸಿಟ್ಟು ಬೇಗ ಬರುತ್ತದೆ. ಆ ದಿನವಂತೂ ಅದು ಮೊದಲೇ ಬಂದು ಕುಳಿತಿತ್ತು. ಎದುರು ಮನೆಯ ಜಿಗಳೂರ ಸಾಹೇಬರು ನನ್ನ ಗಿರಣಿಯ ಮೇಲೆ ಪುರಸಭೆಗೆ ದೂರು ಕೊಟ್ಟಿದ್ದರು. ಅವರು ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಈ ಯುಗಾದಿಗೆ ನಮ್ಮ ಓಣಿಯಲ್ಲಿ ಮನೆ ಕಟ್ಟಿಸಿ ಬಂದವರು. ಗಿರಣಿಯ ಸದ್ದಿಗೆ ಅವರ ಗೋಡೆಯ ಮೇಲಿನ ಫೋಟೋಗಳು ಕುಣಿಯುತ್ತವಂತೆ! ನನ್ನ ಮದುವೆಗೂ ಮೊದಲಿನಿಂದ ಆ ಗಿರಣಿ ನಡೆಯುತ್ತಿದೆ. ಓಣಿಯಲ್ಲಿ ಒಬ್ಬರೂ ಸದ್ದು ಎಂದಿರಲಿಲ್ಲ. ಪುರಸಭೆಯ ನದಾಫ ಸಾಹೇಬರು ಬಂದು, "ಶುಕ್ರವಾರ ಸದ್ದು ಅಳಿಯೋ ಮಷಿನ್ ತರ್ತೇನ್ರಿ ಅಕ್ಕಾರ. ಮಿತಿಗಿಂತ ಹೆಚ್ಚು ಬಂದ್ರ ಗಿರಣಿ ಊರ ಹೊರಗ ಒಯ್ಯಬೇಕಾಗ್ತದ" ಎಂದು ಹೇಳಿಹೋಗಿದ್ದರು. ಜೋಳದ ಡಬ್ಬಿ ತಲೆಯ ಮೇಲೆ ಹೊತ್ತು ಊರ ಹೊರಗೆ ಯಾರು ಬರುತ್ತಾರೆ? ಗಿರಣಿ ಹೋದರೆ ನಮ್ಮ ಒಲೆಯೂ ಹೋದಂತೆಯೇ. ಸದ್ದು ತಗ್ಗಿಸುವ ಉಪಾಯ ಮಾಡಿಕೊಡುತ್ತೇನೆಂದು ಮುರಿಗೆಪ್ಪ ಮಾತು ಕೊಟ್ಟಿದ್ದ. ಅದೇ ಇರಬೇಕೆಂದು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಓಡಿದೆ.

ಮೇಜಿನ ಮೇಲೆ ಬಟ್ಟೆ ಅಂಗಡಿಯ ಬೊಂಬೆಯ ತಲೆಯೊಂದು ರುಮಾಲು ಸುತ್ತಿಕೊಂಡು ಕುಳಿತಿತ್ತು. ಬಾಯಿಯ ಜಾಗದಲ್ಲಿ ಸ್ಪೀಕರು. ಎರಡೂ ಕಡೆ ದೊಡ್ಡ ರಬ್ಬರಿನ ಕಿವಿ.

"ಈ ಕಿವಿ ಎಲ್ಲೋ ನೋಡೀನಲ್ಲೋ" ಅಂದೆ.

"ಅಣ್ಣನ ಕಿವಿ ರೀ ವೈನಿ! ಮಧ್ಯಾಹ್ನ ಅವ ಮಲಗಿದ್ದಾಗ ಅಚ್ಚು ತೊಗೊಂಡೆ."

ಮೂಲೆಯಲ್ಲಿ ಕುಳಿತಿದ್ದ ನಮ್ಮ ಮನೆಯವರು ತಮ್ಮ ಎರಡೂ ಕಿವಿ ಮುಟ್ಟಿ ನೋಡಿಕೊಂಡರು. "ಅದಕ್ಕ ಎದ್ದಾಗ ಕಿವ್ಯಾಗ ಮೇಣ ಇತ್ತು" ಎಂದರು. ಅವರು ಮಾತನಾಡುವುದೇ ಅಷ್ಟು.

"ಗಿರಣಿ ಸದ್ದು ಕಡಿಮಿ ಮಾಡೋ ಅಂದ್ರ ಬೊಂಬಿಗೆ ಕಿವಿ ಹಚ್ಚಿಕೋತ ಕುಂತೀಯಲ್ಲೋ! ನಿನಗ ತಲಿ ಐತೇನು?"

ಬೊಂಬೆ ನನ್ನ ಕಡೆ ತಿರುಗಿತು! ಹಳೆಯ ಪಠ್ಯಪುಸ್ತಕದ ಭಾಷೆಯಲ್ಲಿ ಗಂಭೀರವಾಗಿ ಹೇಳಿತು: "ಈ ದನಿಯಲ್ಲಿ ಮೇಲಿನ ನಾದ ಅತಿ ಚೂಪಾಗಿದೆ. ಹೆಚ್ಚು ಹೊತ್ತು ಕೇಳುವುದು ಕಿವಿಗೆ ಹಾನಿಕರ. ನೂರಕ್ಕೆ ಮೂರು."

ನಮ್ಮ ಮನೆಯವರು ಕೆಮ್ಮಿದರು. ಅದು ಕೆಮ್ಮಲ್ಲ, ನನಗೆ ಗೊತ್ತು.

"ಇವ ಕರ್ಣಪ್ಪ" ಎಂದ ಮುರಿಗೆಪ್ಪ, ನಾನು ಎತ್ತಿ ಹೊಡೆಯದಂತೆ ಮೇಜಿನ ಮೇಲಿದ್ದ ಜರಡಿಯನ್ನು ಹಿಂದೆ ಸರಿಸುತ್ತ. "ಸದ್ದು ಕಡಿಮಿ ಮಾಡಬೇಕಂದ್ರ ಮೊದಲ ಸದ್ದು ಎಂಥಾದ್ದು ಅಂತ ತಿಳಿಯೋ ಕಿವಿ ಬೇಕಲ್ರಿ? ಮೊದಲ ಕೊಟ್ರೇಶಿಯ ಕೆಲಸ ಮುಗೀಲಿ. ಅದರ ಹಿಂದ ನಿಮ್ಮ ಗಿರಣಿ."

ಕೊಟ್ರೇಶಿಯದು ಬಸ್‌ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ. ಅವನು ಐದು ನಮೂನೆಯ ಇಯರ್‌ಫೋನ್ ತಂದು ಮೇಜಿನ ಮೇಲೆ ಹರಡಿದ್ದ. ಎಲ್ಲವೂ ಕಿವಿಯ ಒಳಗೇ ಸೇರಿಸುವಂಥವು. ಇವುಗಳಲ್ಲಿ ಒಂದನ್ನು ಆರಿಸಿ ಅಂಗಡಿ ತುಂಬ ತರಿಸಬೇಕು, ಯಾವುದೆಂದು ತಿಳಿಯದು.

"ಫುಟ್‌ಪಾತಿನ ಮಾಲು ಕೆಟ್ಟರ ಯಾರೂ ಅಳೂದಿಲ್ರಿ ಅಕ್ಕಾರ" ಎಂದ ಕೊಟ್ರೇಶಿ. "ಭಾಳ ತುಟ್ಟೀದು ತೊಗೊಳ್ಳಾವ್ರು ಹೆಸರು ನೋಡಿ ತೊಗೋತಾರ. ಮಂದಿ ಮೋಸ ಹೋಗೋದೆಲ್ಲಾ ಈ ನಡುವಿನ ದರದಾಗ!"

"ಕಿವ್ಯಾಗ ತುರುಕೋ ಕಾಳಿನಷ್ಟು ವಸ್ತುವಿನ್ಯಾಗ ಏನೋ ಫರಕು? ಎಲ್ಲಾ ಹಾಡ್ತಾವ."

"ಕೇಳಿ ನೋಡ್ರಲ್ಲ!" ಎಂದು ಮುರಿಗೆಪ್ಪ ಒಂದನ್ನು ನನ್ನ ಕಿವಿಗೆ ತುರುಕಿದ.

ತುದಿಯಲ್ಲಿ ರಬ್ಬರಿನ ಪುಟ್ಟ ಟೊಪ್ಪಿಗೆ. ಅದು ಕಿವಿಗೆ ಸರಿಯಾಗಿ ಕೂರದಿದ್ದರೆ ದಪ್ಪ ನಾದವೆಲ್ಲ ಸೋರಿಹೋಗುತ್ತದಂತೆ. ನನ್ನ ಬಲಗಿವಿಗೆ ದೊಡ್ಡ ಟೊಪ್ಪಿಗೆ ಬೇಕಾಯಿತು, ಎಡಗಿವಿಗೆ ಚಿಕ್ಕದು. ಇಷ್ಟು ವರ್ಷ ಎರಡೂ ಒಂದೇ ಅಳತೆಯವು ಎಂದು ತಿಳಿದು ಓಲೆ ಹಾಕಿಕೊಂಡಿದ್ದೆ!

ಗಿರಣಿಯ ರೇಡಿಯೋದಲ್ಲಿ ಮದುವೆಯಾದಂದಿನಿಂದ ನಾನು ಕೇಳುತ್ತ ಬಂದ ಒಂದು ವಚನದ ಹಾಡನ್ನು ಮುರಿಗೆಪ್ಪ ಹಚ್ಚಿದ. ಗೊತ್ತಿರುವ ಹಾಡನ್ನೇ ಹಚ್ಚಬೇಕು, ಆಗಲೇ ಫರಕು ತಿಳಿಯುವುದು ಎಂದ. ನಾನು ಸಿಟ್ಟು ಮಾಡುವುದನ್ನೇ ಮರೆತೆ. ಹಾಡುವವಳು ಉಸಿರು ಎಳೆದುಕೊಂಡದ್ದು ಕೇಳಿಸಿತು! ಅವಳ ಹಿಂದೆ ಯಾರೋ ಮೆಲ್ಲಗೆ ಪಿಟೀಲು ಬಾರಿಸುತ್ತಿದ್ದರು.

"ಪಿಟೀಲು ಐತಲ್ಲೋ ಇದರಾಗ! ಹೊಸದಾಗಿ ಸೇರಿಸ್ಯಾರೇನು?"

"ಮೊದಲಿಂದೂ ಐತ್ರಿ ವೈನಿ."

ಮುಂದೆ ನನಗೇ ಬಿಡಲಾಗಲಿಲ್ಲ. ಹೊರಗೆ ಹೆಂಗಸರು ಪಾಳಿ ಹಚ್ಚಿ ಕೂಗುತ್ತಿದ್ದರೂ ನಮ್ಮ ಮನೆಯವರನ್ನು ಗಿರಣಿಗೆ ಅಟ್ಟಿ ಐದನ್ನೂ ಕೇಳಿದೆ. ಒಂದರಲ್ಲಿ ಹಾಡುವವಳು ಕೊಡದೊಳಗೆ ತಲೆ ಇಟ್ಟು ಹಾಡಿದಂತಿತ್ತು. ಇನ್ನೊಂದರಲ್ಲಿ ಸಕಾರ ಬಂದಾಗಲೆಲ್ಲ ಸೂಜಿ ಚುಚ್ಚಿತು. ಮೂರನೆಯದರ ತಬಲಾ ಎಷ್ಟು ಧಡೂತಿಯಾಗಿತ್ತೆಂದರೆ ಪಿಟೀಲಿನವನು ಎದ್ದು ಮನೆಗೆ ಹೋಗಿದ್ದ. ನಾಲ್ಕನೆಯದರ ವೈರು ಸೆರಗಿಗೆ ತಾಗಿದರೆ ಕಿವಿಯೊಳಗೆ ಹೆಗ್ಗಣ ಓಡಿದ ಸದ್ದು. ಐದನೆಯದು ಚೆನ್ನಾಗಿತ್ತು. ತಬಲಾ ಎಡಕ್ಕೆ, ಪಿಟೀಲು ಬಲಕ್ಕೆ, ಹಾಡುವವಳು ನನ್ನ ಹಣೆಯ ಮುಂದೆ! ಆದರೂ ಉಪ್ಪು ಹಾಕದ ಪಲ್ಯ ತಿಂದಂತೆ ಎಲ್ಲೋ ಸಪ್ಪೆ.

"ಛಲೋ ಐತಿ. ಆದ್ರ ಏನೋ ಒಂದು ಕಡಿಮಿ ಐತಿ" ಅಂದೆ.

"ಹೌದ್ರಿ! ನನಗೂ ಹಂಗ ಅನಿಸ್ತು!" ಎಂದ ಮುರಿಗೆಪ್ಪ. ಐದನೆಯದನ್ನು ಕರ್ಣಪ್ಪನ ರಬ್ಬರ್ ಕಿವಿಗೆ ಸೇರಿಸಿದ.

ಕರ್ಣಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. "ತಳದ ನಾದ ಗಟ್ಟಿಯಾಗಿದೆ. ನಡುವಿನ ನಾದ ಮಧುರ. ವಾದ್ಯಗಳು ತಮ್ಮ ತಮ್ಮ ಜಾಗದಲ್ಲಿವೆ. ಆದರೆ ಏನೋ ಒಂದು ಕಡಿಮೆ ಇದೆ. ನೂರಕ್ಕೆ ನಲವತ್ತು."

ಉಳಿದ ನಾಲ್ಕಕ್ಕೂ ಅದೇ ಕೊರತೆ. ಕೊಟ್ರೇಶಿಯ ಮುಖ ಸಣ್ಣದಾಯಿತು. ಮುರಿಗೆಪ್ಪನ ಮುಖ ಅರಳಿತು. ಕರ್ಣಪ್ಪನ ಕುತ್ತಿಗೆಯ ಹಿಂದೆ ಕೆಂಪು ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ಏನು ಕಡಿಮೆ ಇದೆಯೋ ಅದನ್ನು ಅವನೇ ಹುಡುಕಿ ಇಯರ್‌ಫೋನಿನ ವೈರಿನಲ್ಲಿರುವ ಚಿಪ್‌ಗೆ ತುಂಬುತ್ತಾನಂತೆ!

ಒತ್ತಿದ. ಕರ್ಣಪ್ಪನ ರುಮಾಲಿನಿಂದ ಸ್ವಲ್ಪ ಹೊಗೆ ಬಂತು. "ಈಗ ಪರಿಪೂರ್ಣ. ನೂರಕ್ಕೆ ನೂರು" ಎಂದ.

ನಾನು ಕೇಳಿದೆ, ಮುರಿಗೆಪ್ಪ ಕೇಳಿದ. ನಮ್ಮ ಮನೆಯವರೂ ಗಿರಣಿಯಿಂದ ಬಂದು ಕೇಳಿದರು. ಈಗ ಸರಿಯಾಗಿತ್ತು! ಮನೆಯ ಊಟ ಮಾಡಿದಂತೆ ಸಮಾಧಾನವಾಯಿತು. ಕೊಟ್ರೇಶಿ ಮಾತ್ರ ಹುಬ್ಬು ಗಂಟಿಕ್ಕಿ, "ಇಲ್ಲೆ ನಿಮ್ಮ ಗಿರಣಿ ಗದ್ದಲದಾಗ ನನಗ ಏನೂ ತಿಳೀವಲ್ದು" ಎಂದ.

"ಯಾವ ಗದ್ದಲೋ?" ಎಂದು ನಾವು ಮೂವರೂ ಒಟ್ಟಿಗೆ ಕೇಳಿದೆವು.

ಅವನು ಐದನೆಯ ನಮೂನೆಯನ್ನೇ ಪೆಟ್ಟಿಗೆಗಟ್ಟಲೆ ತರಿಸಿದ. ಮುರಿಗೆಪ್ಪ ಎಲ್ಲವನ್ನೂ ಕರ್ಣಪ್ಪನಿಂದ ತಿದ್ದಿಸಿ ಕೊಟ್ಟ.

ಆಮೇಲೆ ಕೊಟ್ರೇಶಿ ಮತ್ತೆ ಬಂದದ್ದು ಗುರುವಾರ, ಗಿರಣಿಯ ಬಾಗಿಲಿಗೇ. ಎರಡೂ ಕೈಯಲ್ಲಿ ಇಯರ್‌ಫೋನುಗಳ ಗಂಟು, ಬಾಯಲ್ಲಿ ಬೈಗುಳ.

"ಎಲ್ಲಿ ಅದಾನ ನಿಮ್ಮ ಮೈದುನ? ನನ್ನ ಅಂಗಡಿ ಮಣ್ಣುಗೂಡಿಸಿದ! ಯಾವ ಹಾಡು ಹಚ್ಚಿದ್ರೂ ಧಡ್ ಧಡ್ ಅಂತೈತಿ ಅಂತ ಎಲ್ಲಾರೂ ತಂದು ಒಗೀಲಿಕ್ಕೆ ಹತ್ಯಾರ. ಅಷ್ಟ ಆದ್ರ ತಡಕೋತಿದ್ದೆ. ಸೀನ್ತಾರ್ರೀ!"

"ಏನು ಮಾಡ್ತಾರ?"

"ಸೀನ್ತಾರ! ಹಾಡ ಶುರು ಆಗೂದ ತಡ, ಆಕ್ಷೀ! ಕಾಲೇಜಿನ ಹುಡುಗ್ಯಾರು ಬಸ್ಸಿನ್ಯಾಗ ಸಾಲಾಗಿ ಸೀನ್ತಾರ. ಡಾಕ್ಟರ್ ನೋಡಿ, ಶೀತ ಇಲ್ಲ, ಜ್ವರ ಇಲ್ಲ, ಏನಿಲ್ಲ ಅಂದ್ರಂತ. ಗಂಡಸರು ಕೇಳಿದ್ರ ಹಸಿವಿ! ಹೊತ್ತಲ್ಲದ ಹೊತ್ತಿನ್ಯಾಗ ಬಿಸಿ ರೊಟ್ಟಿ ಬೇಡ್ತಾರ ಅಂತ ಹೆಂಡರು ನನ್ನ ಅಂಗಡಿಗೆ ಬಂದು ಜಗಳಾ ತಗೀತಾರ!"

ಮುರಿಗೆಪ್ಪ ಓಡಿ ಬಂದ. ಒಂದನ್ನು ಕಿವಿಗಿಟ್ಟುಕೊಂಡ. "ಏನಿಲ್ಲಲ್ಲೋ. ಹಾಲಿನಂಗ ಐತಿ ನಾದ!"

ನಾನು ಕೇಳಿದೆ. ನನಗೂ ಹಾಲಿನಂತೆಯೇ ಇತ್ತು. ಕರ್ಣಪ್ಪನ ಕಿವಿಗೆ ಹಾಕಿದೆವು. "ಪರಿಪೂರ್ಣ" ಎಂದ ಆ ಮಹಾಶಯ. ಕೊಟ್ರೇಶಿ ಅವನಿಗೂ ಬೈದ. ಕರ್ಣಪ್ಪ ತಿರುಗಿ, "ಈ ಮನುಷ್ಯನ ದನಿಯಲ್ಲೂ ಏನೋ ಒಂದು ಕಡಿಮೆ ಇದೆ" ಎಂದ. ಇಬ್ಬರನ್ನೂ ಬಿಡಿಸಲು ನಾನೇ ನಡುವೆ ನಿಲ್ಲಬೇಕಾಯಿತು.

"ನೀವೆಲ್ಲಾ ಇಲ್ಲೇ ಇದ್ದು ಕಿವಿ ಕೆಡಿಸಿಕೊಂಡೀರಿ!" ಎಂದು ಕೊಟ್ರೇಶಿ ಕಿರುಚಿದ. "ಊರ ಹೊರಗ ಬಂದು ಕೇಳ್ರಿ, ಬರ್ರಿ!"

"ನಡಿಯೋ, ಬರ್ತೀನಿ! ನನ್ನ ಕಿವಿ ಕೆಟ್ಟಾವು ಅಂತೀಯಾ?" ಎಂದು ನಾನು ಗಿರಣಿಯನ್ನು ಮನೆಯವರ ಕೈಗೆ ಕೊಟ್ಟು ಅವನ ಗಾಡಿ ಹತ್ತಿದೆ. ಮುರಿಗೆಪ್ಪನೂ ಹಿಂದೆ ಹತ್ತಿದ. ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚಾಗಿ ನನಗೆ ಅದೇನೆಂದು ನೋಡಬೇಕಿತ್ತು. ಹಾಡು ಕೇಳಿ ಸೀನುವುದೆಂದರೇನು? ಪಿಟೀಲಿಗೆ ಹಸಿವೆ ಆಗುವುದೆಂದರೇನು?

ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿದ. ಮೂವರೂ ಒಂದಿಷ್ಟು ಹೊತ್ತು ಜಗಳವಾಡಿ ದಣಿದು ಸುಮ್ಮನೆ ಕುಳಿತೆವು. ಜಾಲಿಮರದಲ್ಲಿ ಗಾಳಿ ಆಡುವುದು ಕೇಳಿಸಿತು. ದೂರದಲ್ಲಿ ಅಗಸರು ಬಟ್ಟೆ ಒಗೆಯುವುದು ಕೇಳಿಸಿತು, ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಸ್ವಲ್ಪ ತಡೆದು ಅದರ ಸದ್ದು ಬಂತು. ಕಿವಿಯೊಳಗಿಂದ ಯಾರೋ ಹತ್ತಿ ತೆಗೆದಂತೆ ನನಗೆ ವಿಚಿತ್ರವಾಯಿತು.

"ಈಗ ಹಾಕ್ಕೋರಿ" ಎಂದ ಕೊಟ್ರೇಶಿ.

ಹಾಕಿಕೊಂಡೆ.

ಧಡ್ ಧಡ್ ಧಡ್ ಧಡ್, ಟಕ್! ಧಡ್ ಧಡ್ ಧಡ್ ಧಡ್, ಟಕ್!

ಹಾಡುವವಳು, ತಬಲಾ, ಪಿಟೀಲು ಎಲ್ಲ ಆ ಸದ್ದಿನೊಳಗೆ ಕಾಳಿನಂತೆ ನುರಿದುಹೋಗುತ್ತಿದ್ದರು. ಆ 'ಟಕ್' ಎಂಬುದು ನನಗೆ ಗೊತ್ತಿತ್ತು. ಮೋಟಾರಿನ ಪಟ್ಟಾ ಹರಿದಾಗ ನಾನೇ ದಬ್ಬಳ ಹಿಡಿದು ಹೊಲಿದಿದ್ದೆ. ಆ ಹೊಲಿಗೆ ಚಕ್ರಕ್ಕೆ ಬಡಿಯುವ ಸದ್ದು ಅದು.

"ಇದು ನನ್ನ ಗಿರಣಿಯೋ!" ಎಂದೆ. ಎಂದವಳೇ ಸೀನಿದೆ.

ಮುರಿಗೆಪ್ಪ ಕಸಿದುಕೊಂಡು ಕೇಳಿ, ಸೀನಿ, ತಲೆಯ ಮೇಲೆ ಕೈ ಹೊತ್ತು ಕುಳಿತ. ಸೀನಿನ ಅರ್ಥ ನನಗೆ ಆಗಲೇ ಆಗಿತ್ತು. ಜೋಳ ಬೀಸಲಿ, ಖಾರ ಕುಟ್ಟಲಿ, ನಮ್ಮ ಗಿರಣಿಯ ಮೋಟಾರು ಒಂದೇ, ಸದ್ದೂ ಒಂದೇ. ಊರಿನವರೆಲ್ಲ ಚಿಕ್ಕಂದಿನಿಂದ ಆ ಸದ್ದು ಕೇಳಿಕೊಂಡೇ ಮೂಗಿಗೆ ಬಟ್ಟೆ ಕಟ್ಟಿ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿಕೊಂಡವರು. ಅದೇ ಸದ್ದು ಕೇಳಿಕೊಂಡೇ ಮನೆಗೆ ಬಿಸಿ ಹಿಟ್ಟು ಒಯ್ದು ರೊಟ್ಟಿ ತಿಂದವರು. ಅವರ ಮೂಗಿಗೂ ಹೊಟ್ಟೆಗೂ ಅದು ನೆನಪಿದೆ.

"ಇದು ಹಾಡಿನ್ಯಾಗ ಹೆಂಗ ಬಂತು?"

"ಕರ್ಣಪ್ಪಗ ಮೊಟ್ಟಮೊದಲ ನಿಶ್ಶಬ್ದ ಅಂದ್ರೇನು ಅಂತ ಕಲಿಸಬೇಕ್ರಿ" ಎಂದ ಮುರಿಗೆಪ್ಪ ಮೆಲ್ಲಗೆ. "ಅದು ಅವನ ಸೊನ್ನಿ. ಅಲ್ಲಿಂದ ಅವ ಎಲ್ಲಾ ಅಳೀತಾನ. ಅದಕ್ಕ ನಾ ಫ್ಯಾನ್ ಆರಿಸಿದೆ. ಗಡಿಯಾರದ ಸೆಲ್ ತೆಗೆದೆ. ಬೆಕ್ಕು ಹೊರಗ ಹಾಕಿದೆ. ಉಸಿರು ಸುದ್ದಾ ಹಿಡಿದೆ! ಆಮ್ಯಾಲೆ, ಕರ್ಣಪ್ಪಾ, ಇದು ನಿಶ್ಶಬ್ದ, ನೆನಪಿಟ್ಕೋ ಅಂದೆ."

"ಗಿರಣಿ?"

"ಗಿರಣಿ..." ಎಂದು ನನ್ನ ಮುಖ ನೋಡಿದ. "ಗಿರಣಿ ಸದ್ದು ಮಾಡ್ತದ ಅನ್ನೋದು ನನಗ ಹೊಳೀಲೇ ಇಲ್ರಿ ವೈನಿ."

ಬೈಯಲು ಬಾಯಿ ತೆರೆದೆ. ಆದರೆ ನನಗೇ ಹೊಳೆದಿರಲಿಲ್ಲವಲ್ಲ! ಖಾರ ಕುಟ್ಟಿದ ಮೇಲೆ ಎರಡು ಹಿಡಿ ತೌಡು ಬೀಸಿ ಗಿರಣಿಯ ಬಾಯಿ ತೊಳೆಯದೆ ಯಾರಾದರೂ ಗೋಧಿ ಹಾಕುತ್ತಾರೆಯೇ? ಈ ಮನುಷ್ಯ ಕರ್ಣಪ್ಪನ ಕಿವಿಗೆ ತೌಡು ಹಾಕದೆ ಊರಿನವರ ಗೋಧಿಯನ್ನೆಲ್ಲ ಸುರಿದಿದ್ದ. ನಿಜ ಹೇಳುತ್ತೇನೆ, ಇನ್ನೊಂದು ಸಲ ಆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಇಷ್ಟು ದೊಡ್ಡ ಸದ್ದೇ? ಇದರ ಪಕ್ಕದಲ್ಲಿ ನಾನು ಮಕ್ಕಳನ್ನು ತೊಟ್ಟಿಲಲ್ಲಿ ಮಲಗಿಸಿದ್ದೆನೇ? ಹಾಗಾದರೆ ಜಿಗಳೂರ ಸಾಹೇಬರ ಫೋಟೋಗಳು ಕುಣಿಯುವುದು...

ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ.

"ಮಾರಿದ್ದೆಲ್ಲಾ ತಿರುಗಿ ಬಂತೇನೋ?" ಎಂದು ಕೊಟ್ರೇಶಿಯನ್ನು ಕೇಳಿದೆ.

"ಒಂದು ಜೋಡಿ ಬಿಟ್ಟು ಎಲ್ಲಾ ಬಂದಾವ್ರಿ. ಆ ಒಂದು ಜಿಗಳೂರ ಸಾಹೇಬ್ರ ಕಡೆ ಐತಿ. ಗಿರಣಿ ಸದ್ದು ಕೇಳಬಾರದು, ಕಿವಿ ಗಟ್ಟಿ ಮುಚ್ಚೂವಂಥಾದ್ದು ಕೊಡು ಅಂತ ಆರಿಸಿ ಒಯ್ದಾರ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮರುದಿನ ಶುಕ್ರವಾರ.

ಸಂಜೆ ಅವರ ಮನೆಗೆ ಹೋದರೆ ಬೀಗ. ಧಾರವಾಡದ ಮಗಳ ಮನೆಗೆ ಹೋಗಿದ್ದರು. ಶುಕ್ರವಾರ ಬೆಳಿಗ್ಗೆ ನೇರವಾಗಿ ನದಾಫ ಸಾಹೇಬರ ಜೀಪಿನಲ್ಲೇ ಬಂದಿಳಿದರು. ಕಣ್ಣು ಕೆಂಪು, ಮೂಗು ಇನ್ನೂ ಕೆಂಪು; ಯುಗಾದಿಯಿಂದ ಎದುರು ಮನೆಯಲ್ಲಿ ನಮ್ಮ ಖಾರದ ಘಾಟು ಕುಡಿದ ಮೂಗು ಅದು. ವೈರು ಕಿಸೆಯ ಫೋನಿಗೆ, ಕಿವಿಯಲ್ಲಿ ಅದೇ ಇಯರ್‌ಫೋನ್.

ನದಾಫ ಸಾಹೇಬರು ಸಂಕೋಚದಿಂದ ಹೇಳಿದರು: "ಅಕ್ಕಾರ, ದೂರು ಇನ್ನಷ್ಟು ದೊಡ್ಡದಾಗೈತ್ರಿ. ನಿಮ್ಮ ಗಿರಣಿ ಸದ್ದು ಧಾರವಾಡದ ತನಕ ಹೋಗ್ತದ ಅಂತಾರ."

"ಧಾರವಾಡದಾಗ ಕೇಳಿಸಿತ್ರಿ ನನಗ!" ಎಂದು ಜಿಗಳೂರ ಸಾಹೇಬರು ಕಿರುಚಿದರು. ಕಿವಿ ಮುಚ್ಚಿಕೊಂಡವರ ದನಿ, ಓಣಿಯ ಆ ತುದಿಗೂ ಮುಟ್ಟುವಂತಿತ್ತು. "ಮಗಳ ಮನಿ ಮೂರನೇ ಮಾಳಿಗಿ ಮ್ಯಾಲೆ! ಬಚ್ಚಲದಾಗ! ಆ... ಆಕ್ಷೀ!"

"ಸಾಹೇಬ್ರ, ಅದು ನಿಮ್ಮ ಕಿವ್ಯಾಗಿಂದು..." ಎಂದು ಮುರಿಗೆಪ್ಪ ಅವರ ಕಿವಿಯ ಕಡೆ ಬೆರಳು ಮಾಡಿ ಶುರುಮಾಡಿದ.

"ನನ್ನ ಕಿವಿ ಸರಿ ಇಲ್ಲಂತೀಯಾ?"

ನದಾಫ ಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಅಳೆಯುವ ಯಂತ್ರ ತೆಗೆದರು. ಗಿರಣಿ ನಡೆಯುತ್ತಿತ್ತು. ಮುಳ್ಳು ಏರಿತು, ಕೆಂಪು ಗೆರೆ ದಾಟಿ ಅಲ್ಲೇ ನಿಂತಿತು. ಅವರು ತಲೆ ಕೊಡವಿದರು.

"ಈಗ ಬಂದ್ ಮಾಡ್ರಿ ಅಕ್ಕಾರ, ಅದನ್ನೂ ಬರಕೋತೇನಿ."

ಸ್ವಿಚ್ಚು ಇಳಿಸಿದೆ. ಪಟ್ಟಾ ಕುಂಟುತ್ತ ನಿಂತಿತು. ಪಾಳಿಯಲ್ಲಿದ್ದ ಹೆಂಗಸರು ಬೆಚ್ಚಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ಬಂದ್ ಮಾಡ್ರಿ ಅಂದ್ರ ಬಂದ್ ಮಾಡಂಗಿಲ್ಲೇನು?" ಎಂದು ಜಿಗಳೂರ ಸಾಹೇಬರು ಗುಡುಗಿದರು. "ನೋಡ್ರಿ ನದಾಫ, ಅಧಿಕಾರಿ ಮಾತಿಗೂ ಕಿಮ್ಮತ್ತಿಲ್ಲ! ಇನ್ನೂ ನಡಿಸ್ಯಾಳ!"

ನದಾಫ ಸಾಹೇಬರು ಗಿರಣಿಯ ಪಟ್ಟಾದ ಮೇಲೆ ಕೈ ಇಟ್ಟರು. ಆ ಕೈ ಎತ್ತಿ ತೋರಿಸಿದರು. ನಿಂತಿದೆ ಎಂದು ಬೆರಳಾಡಿಸಿದರು.

"ನಾಟಕ! ಪಟ್ಟಾ ನಿಂತೈತಿ, ಸದ್ದು ನಡದೈತಿ! ಆಕ್ಷೀ!"

ನದಾಫ ಸಾಹೇಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಸಾಹೇಬ್ರಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿದರು. "ಆದ್ರೂ ನನ್ನ ಮಷಿನ್ ಮಿತಿ ಮೀರೇತಿ ಅಂತೈತ್ರಿ. ದೂರು ಇರೋತನಕ ನಾ ಏನೂ ಮಾಡಾಕಾಗೂದಿಲ್ಲ."

ಗಿರಣಿ ಹೋಯಿತು ಎಂದುಕೊಂಡೆ. ಜೋಳದ ಚೀಲದ ಮೇಲೆ ಕುಳಿತುಬಿಟ್ಟೆ. ನನಗೆ ಸಿಟ್ಟು ಬಾರದಿದ್ದದ್ದು ಕಂಡು ಮುರಿಗೆಪ್ಪ ಹೆದರಿದ. ನೆಟ್ಟಗೆ ಹೋಗಿ ಸಾಹೇಬರ ಕಿವಿಯಿಂದ ಇಯರ್‌ಫೋನನ್ನು ಕಿತ್ತೇಬಿಟ್ಟ!

ಸಾಹೇಬರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ನಿಂತಿತು" ಎಂದರು ಪಿಸುದನಿಯಲ್ಲಿ.

ಅಷ್ಟರಲ್ಲಿ ಮುರಿಗೆಪ್ಪ ಕರ್ಣಪ್ಪನನ್ನು ಕಂಕುಳಲ್ಲಿ ಹಿಡಿದು ತಂದು ಹಿಟ್ಟಿನ ಡಬ್ಬಿಯ ಮೇಲೆ ಕೂರಿಸಿದ. ಇಯರ್‌ಫೋನನ್ನು ಅವನಿಗೆ ಸಿಕ್ಕಿಸಿ, "ವೈನಿ, ಹಚ್ಚರಿ ಗಿರಣಿ!" ಎಂದ. ಹಚ್ಚಿದೆ. ಅವನು ಕೆಂಪು ಗುಂಡಿಯನ್ನು ಇಕ್ಕಳದಲ್ಲಿ ಹಿಡಿದು ಹಿಂದುಮುಂದಾಗಿ ತಿರುಗಿಸಿದ.

"ಏನು ಮಾಡಾಕತ್ತೀಯೋ?"

"ಕಡಿಮಿ ಇದ್ದದ್ದನ್ನ ತುಂಬೋ ಬದಲಿ ಹೆಚ್ಚಿಗಿ ಇದ್ದದ್ದನ್ನ ತಗಿಯೋಹಂಗ ಮಾಡಾಕತ್ತೀನಿ! ಉಲ್ಟಾ ಗಿರಣಿ! ಒಂದು ಎತ್ತು ಮುಂದ ಜಗ್ಗಿ, ಇನ್ನೊಂದು ಅಷ್ಟೇ ಜೋರಲೇ ಹಿಂದ ಜಗ್ಗಿದ್ರ ಬಂಡಿ ಏನಾಗ್ತದ?"

"ಮುರೀತದ."

"ನಿಲ್ತದ್ರೀ ವೈನಿ, ನಿಲ್ತದ!"

ಕರ್ಣಪ್ಪ ನರಳಿದ. "ಇದು ನಾನು ಕಲಿತದ್ದಕ್ಕೆ ವಿರುದ್ಧ. ಇದರಲ್ಲಿ ಏನೂ ಉಳಿಯುವುದಿಲ್ಲ. ನೂರಕ್ಕೆ ಸೊನ್ನೆ" ಎಂದ. ಹೊಗೆ ಬಂತು.

ಮುರಿಗೆಪ್ಪ ಅದನ್ನು ಸಾಹೇಬರ ಕಿವಿಗೆ ಸೇರಿಸಿ, ಅವರನ್ನು ಕಾಳು ಸುರಿಯುವ ಡಬ್ಬಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. ಗಿರಣಿ ಧಡ್ ಧಡ್ ಎನ್ನುತ್ತಿತ್ತು. ನಾವೆಲ್ಲ ಅವರ ಮುಖವನ್ನೇ ನೋಡಿದೆವು. ಮೊದಲು ಹುಬ್ಬು ಇಳಿಯಿತು. ಆಮೇಲೆ ಭುಜ ಇಳಿಯಿತು. ಆಮೇಲೆ ಆ ದೊಡ್ಡ ಅಧಿಕಾರಿ, ಹಿಟ್ಟು ಹಾರುವ ನನ್ನ ಗಿರಣಿಯ ನಟ್ಟನಡುವೆ, ಹಾಲು ಕುಡಿದ ಕೂಸಿನಂತೆ ಕಣ್ಣು ಮುಚ್ಚಿದರು.

ನದಾಫ ಸಾಹೇಬರು ಅವರನ್ನು ಅಲುಗಿಸಿ, ದೂರಿನ ಕಾಗದ ತೋರಿಸಿ, ಏನು ಮಾಡಲಿ ಎಂದು ಕೈಯಲ್ಲಿ ಕೇಳಿದರು.

"ಯಾವ ದೂರು? ಸದ್ದು ಎಲ್ಲೈತಿ?" ಎಂದು ಜಿಗಳೂರ ಸಾಹೇಬರು ಕೂಗಿದರು. "ಹರದು ಒಗೀರಿ!"

"ದೂರು ಕೊಟ್ಟವರು ಒಬ್ಬರ. ಅವರ ಬ್ಯಾಡಂದ್ರ ನನಗೇನ್ರಿ" ಎಂದು ನದಾಫ ಸಾಹೇಬರು ಕಾಗದ ಹರಿದು, ಹೋಗುವಾಗ ಮನೆಗೆ ಒಂದಿಷ್ಟು ಖಾರ ಕುಟ್ಟಿಸಿಕೊಂಡು ಹೋದರು. ಪಾಳಿ ಬಿಟ್ಟು ಮೊದಲು ಅವರಿಗೇ ಕುಟ್ಟಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಜಿಗಳೂರ ಸಾಹೇಬರು ಎದ್ದು, ನಗುತ್ತ, ಇಯರ್‌ಫೋನ್ ಹಾಕಿಕೊಂಡೇ ತಮ್ಮ ಮನೆಯ ಕಡೆ ಹೊರಟರು. ರಸ್ತೆಯ ಅರ್ಧದಲ್ಲಿ ಕಿಟಾರನೆ ಕಿರುಚಿದರು.

"ಎರಡಾದವು! ಎರಡು ಗಿರಣಿ ಆದವು!"

ಒಂದು ಹೆಜ್ಜೆ ಹಿಂದೆ ಬಂದರು. ಮುಂದೆ ಹೋದರು. ಮತ್ತೆ ಹಿಂದೆ ಬಂದರು. ಓಣಿಯ ಹುಡುಗರು ನಗತೊಡಗಿದರು. ಮುರಿಗೆಪ್ಪ ತಲೆ ಕೆರೆದುಕೊಂಡ. ಗಿರಣಿಯ ಸದ್ದು ಅವರ ಮನೆ ಮುಟ್ಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯುತ್ತದಂತೆ. ಕಿವಿಯೊಳಗಿನ ಉಲ್ಟಾ ಗಿರಣಿ ಅದಕ್ಕಾಗಿ ಕಾಯುವುದಿಲ್ಲ. ಎರಡು ಎತ್ತುಗಳು ಒಟ್ಟಿಗೆ ಜಗ್ಗಿದರೆ ತಾನೇ ಬಂಡಿ ನಿಲ್ಲುವುದು? ಹಾಗೆ ಒಟ್ಟಿಗೆ ಜಗ್ಗುವ ಜಾಗ ಇಡೀ ಊರಿನಲ್ಲಿ ಒಂದೇ: ಕಾಳು ಸುರಿಯುವ ಡಬ್ಬಿಯ ಪಕ್ಕದ ನನ್ನ ಸ್ಟೂಲು.

ಈಗ ನಾನು ಗಿರಣಿಯ ಬಾಗಿಲು ತೆರೆಯುವ ಮೊದಲೇ ಜಿಗಳೂರ ಸಾಹೇಬರು ಪೇಪರು ಮಡಚಿ ಹಿಡಿದು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತರೆ ಸಂಜೆಯ ತನಕ ಏಳುವುದಿಲ್ಲ. ಊರಿನಲ್ಲಿ ಇಷ್ಟು ಶಾಂತವಾದ ಜಾಗ ಇನ್ನೊಂದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅಮಾವಾಸ್ಯೆಗೆ ಗಿರಣಿ ಬಂದ್ ಇಡುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ಅದರ ಮೇಲೆ ಅವರು ಪುರಸಭೆಗೆ ಹೊಸ ದೂರು ಕೊಟ್ಟಿದ್ದಾರೆ!

ಮುರಿಗೆಪ್ಪ ಕರ್ಣಪ್ಪನನ್ನು ಕೆರೆಯ ಏರಿಗೆ ಒಯ್ದು ಖರೇ ನಿಶ್ಶಬ್ದ ಕಲಿಸಿಕೊಂಡು ಬಂದ. ಈಗ ಅವನು ಕೊಟ್ರೇಶಿಯ ಐದನೆಯ ನಮೂನೆಗೆ ಯಾವ ತಿದ್ದುಪಡಿಯೂ ಇಲ್ಲದೆ ನೂರಕ್ಕೆ ತೊಂಬತ್ತು ಕೊಡುತ್ತಾನೆ. ಅವು ಬಿಸಿ ಮಿರ್ಚಿಯಂತೆ ಮಾರಾಟವಾಗುತ್ತಿವೆ. ಯಾರೂ ಸೀನುವುದಿಲ್ಲ. ನಮ್ಮ ಮೂವರಿಗೆ ಮಾತ್ರ ಅದರಲ್ಲಿ ಏನೋ ಒಂದು ಕಡಿಮೆ ಅನ್ನಿಸುತ್ತದೆ. ಹಳೆಯ ತಿದ್ದುಪಡಿಯ ಮೂರು ಜೋಡಿಗಳನ್ನು ಕೊಟ್ರೇಶಿಯಿಂದ ಕೇಳಿ ಇಟ್ಟುಕೊಂಡಿದ್ದೇವೆ. ಪಿಟೀಲು ಅದರಲ್ಲೂ ಇದೆ. ಎಲ್ಲಿದೆ ಎಂದು ಈಗ ನನಗೆ ಗೊತ್ತಲ್ಲ, ಹುಡುಕಿಕೊಳ್ಳುತ್ತೇನೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಜಿಗಳೂರ ಸಾಹೇಬರು ಸ್ಟೂಲಿನ ಮೇಲೆ ಮುಖ ಕಿವುಚಿ ಕುಳಿತಿದ್ದರು. ಗಿರಣಿ ನಿಂತರೆ ಕಿವಿಯೊಳಗಿನ ಉಲ್ಟಾ ಗಿರಣಿಯೊಂದೇ ಉಳಿಯುತ್ತದೆ. ಉಲ್ಟಾ ಆದರೂ ಸುಲ್ಟಾ ಆದರೂ ಗಿರಣಿ ಗಿರಣಿಯೇ. ನನಗೆ ನೋಡಲಾಗಲಿಲ್ಲ. ಹತ್ತಿರ ಹೋಗಿ ಒಂದು ಕಿವಿಯದನ್ನು ಎಳೆದು ಕೇಳಿದೆ:

"ಅಲ್ರೀ ಸಾಹೇಬ್ರ, ಗಿರಣಿ ನಿಂತೈತಿ. ಇವನ್ನ ತಗದಿಟ್ರ ಆರಾಮ ಕುಂದ್ರಬಹುದಲ್ಲ? ಯಾಕ ಒದ್ದಾಡ್ತೀರಿ?"

ಸಾಹೇಬರು ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಕಿವಿಗೆ ಸೇರಿಸಿಕೊಳ್ಳುತ್ತ ಹೇಳಿದರು: "ತಗದ್ರ ನಿಮ್ಮ ದನಿ ಕೇಳಸ್ತೈತ್ರಿ, ಕಲ್ಲವ್ವಾರ."

ನಮ್ಮ ಮನೆಯವರು ಮತ್ತೆ ಕೆಮ್ಮಿದರು.

ಖಾರ ಕುಟ್ಟುವ ದಿನ ಬಂದವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲ ಆಚೆ ನಿಲ್ಲುತ್ತಾರೆ. ಜಿಗಳೂರ ಸಾಹೇಬರ ಸ್ಟೂಲನ್ನು ಮಾತ್ರ ನಾನು ಒಂದು ಗೇಣೂ ಸರಿಸುವುದಿಲ್ಲ.